ನ್ಯೂಯಾರ್ಕಿನ ಲಾಫ್ಟ್ 50 ವರ್ಷ ದಾಟಿದ್ದು ಹ್ಯಾಂಗ? ನಮ್ಮ ಹಾಲಿನೊಳಗ ಅದರ ಯಾವ ಪದ್ಧತಿ ನಡೀತದ?

ಜೇವರ್ಗಿ ರೋಡ್:
ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿಯೊಳಗ ತಿಂಗಳಿಗೊಮ್ಮೆ ಒಂದು ಡಾನ್ಸ್ ರಾತ್ರಿ ನಡೆಸೋ ಯೋಚನೆ ಅದ. ದಾರು ಇರಂಗಿಲ್ಲ, ಕರೆದವರಷ್ಟೇ ಬರೋದು. ನ್ಯೂಯಾರ್ಕಿನೊಳಗ ರೆಕಾರ್ಡ್ ಹಾಕಿ ಡಾನ್ಸ್ ರಾತ್ರಿ ನಡೆಸ್ತಿದ್ದ ಡೇವಿಡ್ ಮಾಂಕುಸೊ ಅವರ ಲಾಫ್ಟ್ ಮಾದರಿ ಅನ್ರಿ. ಹಾಲ್ 60 ಅಡಿ ಉದ್ದ, 40 ಅಡಿ ಅಗಲ, ಕೆಳಗ ಶಹಾಬಾದ್ ಫರಸಿ, ಮ್ಯಾಲ ಆರ್‌ಸಿಸಿ. ಚಪ್ಪಾಳೆ ಹೊಡೆದರ ಗಂಯ್ ಅಂತದ. ಎರಡು ಟರ್ನ್‌ಟೇಬಲ್, ನಾಲ್ಕು ಸ್ಪೀಕರ್ ಬಾಕ್ಸ್ ಅವ. ಲಾಫ್ಟ್ ಇಷ್ಟು ವರ್ಷ ನಿಂತದ್ದು ಯಾವುದರ ಮ್ಯಾಲ? ಇಲ್ಲಿ ಮೊದಲು ಏನು ಸರಿ ಮಾಡಬೇಕು?

ಹಳೇ ರೆಕಾರ್ಡ್:
ಲಾಫ್ಟ್ ಅಂದರೆ ಮಾಂಕುಸೊ ಅವರ ವಾಸದ ಮನೆ. ಅದು ತಿಳಿದರೆ ಉಳಿದದ್ದೆಲ್ಲ ತಿಳಿಯುತ್ತದೆ. 1970ರ ಫೆಬ್ರವರಿ 14ರಂದು ಬ್ರಾಡ್‌ವೇ 647ರಲ್ಲಿ ಕರೆಯೋಲೆ ಕೊಟ್ಟು ಶುರು ಮಾಡಿದರು. ಬಾಗಿಲಲ್ಲಿ ಕೊಡುವ ದೇಣಿಗೆಯಲ್ಲೇ ಹಣ್ಣು, ತಿಂಡಿ, ಪಾನಕ ಎಲ್ಲ ಬಂತು. ಒಳಗೆ ಏನನ್ನೂ ಮಾರುತ್ತಿರಲಿಲ್ಲ. ಮಾರಾಟವೇ ಇಲ್ಲದ್ದರಿಂದ ಕ್ಯಾಬರೆ ಲೈಸೆನ್ಸ್ (ಕುಣಿತದ ಜಾಗಗಳಿಗೆ ನಗರ ಕೊಡುತ್ತಿದ್ದ ಪರವಾನಗಿ) ಬೇಕಿಲ್ಲ ಎಂದು ನಗರಾಡಳಿತದ ಎದುರು ವಾದಿಸಿ ಗೆದ್ದರು. ಕುಡಿತದ ಲಾಭದ ಮೇಲೆ ನಿಂತ ರಾತ್ರಿಗೆ ಪ್ರತಿ ವಾರ ಹೊಸ ಗಿರಾಕಿ ಬೇಕು. ಲಾಫ್ಟಿಗೆ ಹಳಬರು ತಪ್ಪದೆ ಬಂದರೆ ಸಾಕಿತ್ತು.

ಅದಕ್ಕೇ ಜಾಗ ಬದಲಾದಾಗ ಪೆಟ್ಟು ಬಿತ್ತು. ಬ್ರಾಡ್‌ವೇ ಬಿಟ್ಟು 99 ಪ್ರಿನ್ಸ್ ಸ್ಟ್ರೀಟಿಗೆ ಬಂದಿದ್ದ ಲಾಫ್ಟ್ ಅಲ್ಲಿಂದ 1984ರಲ್ಲಿ ಥರ್ಡ್ ಸ್ಟ್ರೀಟಿಗೆ ಹೋದಾಗ ಬಹಳಷ್ಟು ಜನ ಹಿಂದೆ ಬರಲಿಲ್ಲ. ನೀವು ಹಾಲ್ ಬದಲಿಸದಂತೆ ಮೊದಲೇ ನೋಡಿಕೊಳ್ಳಿ. 2016ರಲ್ಲಿ ಮಾಂಕುಸೊ ತೀರಿಕೊಂಡ ಮೇಲೂ ಆ ರಾತ್ರಿ ನಡೆಯುತ್ತಿದೆ. ನ್ಯೂಯಾರ್ಕಿನ ಪ್ಯಾರಡೈಸ್ ಗರಾಜ್ ಕ್ಲಬ್ಬಿನ ಡಿಜೆ ಲ್ಯಾರಿ ಲೆವಾನ್, ಮುಂದೆ ಶಿಕಾಗೊಗೆ ಹೋದ ಡಿಜೆ ಫ್ರಾಂಕಿ ನಕಲ್ಸ್, ಇಬ್ಬರೂ ಕುಣಿದು ಕಲಿತ ಮನೆ ಅದು.

ಇನ್ನೊಂದು ಮಾತು. 80ರ ದಶಕದಿಂದ ಮಾಂಕುಸೊ ಮಿಕ್ಸ್ ಮಾಡುವುದನ್ನೇ, ಅಂದರೆ ಒಂದು ಹಾಡನ್ನು ಇನ್ನೊಂದರೊಳಗೆ ಬೆರೆಸುವುದನ್ನೇ, ಬಿಟ್ಟರು. ಹಾಡು ಮೊದಲಿನಿಂದ ಕೊನೆಯವರೆಗೆ, ಅದರದೇ ವೇಗದಲ್ಲಿ. ನಡುವೆ ಮೌನ ಬಂದರೆ ಜನ ಚಪ್ಪಾಳೆ ತಟ್ಟುತ್ತಿದ್ದರು.

ಬೇಸ್ ಬಾಕ್ಸ್:
ಮಾಂಕುಸೊ ಇಟ್ಟಿದ್ದು ಕ್ಲಿಪ್ಶ್‌ಹಾರ್ನ್, ಮೂಲೆಗೆ ಕೂಡೋ ದೊಡ್ಡ ಹಾರ್ನ್ ಸ್ಪೀಕರ್. ಒಂದು ವ್ಯಾಟಿಗೆ ಒಂದು ಮೀಟರಿನೊಳಗ ಸುಮಾರು 105 ಡೆಸಿಬೆಲ್. ನಿಮ್ಮ ಡಿಜೆ ಬಾಕ್ಸ್ 97 ಅಂತ ಹಿಡೀರಿ; 8 ಡೆಸಿಬೆಲ್ ಅಂತರ ಅಂದ್ರ ಅಷ್ಟೇ ಸದ್ದಿಗೆ 6 ಪಟ್ಟು ಪವರ್ ಬೇಕು. ಆ ಬಾಕ್ಸಿಗೆ ಗೋಡೆಯ ಮೂಲೆಯೇ ಹಾರ್ನಿನ ಬಾಯಿ. ಹಿಂದ ಸಂದಿ ಬಿಟ್ಟರ, ಮೂಲೆಯಾಗ ಬಾಗಿಲಿದ್ದರ ಬೇಸ್ ಸೋರಿ ಹೋಗ್ತದ. ನಿಮ್ಮವು ಸಾದಾ ಬಾಕ್ಸ್ ಇದ್ದರ ಮೂಲೆಗೆ ಒತ್ತಬ್ಯಾಡ್ರಿ, ಬೇಸ್ ಗುಮ್ಮಂತ ಉಬ್ಬಿ ಮಾತು ಮುಚ್ಚಿಹೋಗ್ತದ. ಗೋಡೆಯಿಂದ ಸರಿಸಿ, ಟಾಪ್ ಬಾಕ್ಸ್ (ಬೇಸ್ ಬಿಟ್ಟು ಉಳಿದ ಸದ್ದು ಕೊಡೋವು) ಜನರ ತಲೆ ಮ್ಯಾಲಿಟ್ಟು ಸ್ವಲ್ಪ ಕೆಳಗ ಬಗ್ಗಿಸ್ರಿ.

ಗಂಯ್ ಅನ್ನೋದಕ್ಕ ನಮ್ಮ ಕೌದಿ ಭಾಳ ಛಲೋ. ಎದುರು ಗೋಡೆಗೆ ಅಂಟಿಸದೆ, 4 ಇಂಚು ಬಿಟ್ಟು, ಮಡಿಕೆ ಬರೋಹಂಗ ಇಳಿಬಿಡ್ರಿ. ಬೇಸ್ ಮಾತ್ರ ಇದರಿಂದ ಕಡಿಮೆ ಆಗಂಗಿಲ್ಲ, ಅದನ್ನ ಬಾಕ್ಸ್ ಇಡೋ ಜಾಗದಾಗೇ ಸರಿ ಮಾಡಬೇಕು. ಮಾಂಕುಸೊ ಸುಮಾರು 100 ಡೆಸಿಬೆಲ್ ದಾಟಬಾರದು ಅಂತಿದ್ದರು. ಇಡೀ ರಾತ್ರಿಗೆ ಅದೂ ಹೆಚ್ಚೇ: 85ರೊಳಗ 8 ತಾಸು ಕಿವಿ ತಡೀತದ ಅಂದ್ರ, 100ರೊಳಗ 15 ನಿಮಿಷ.

ಸ್ಟೇಷನ್ ಬಜಾರ್:
ಕಾನೂನಿನ ವಿಷಯ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಮುಚ್ಚಿದ ಸಭಾಂಗಣದೊಳಗೆ ಮಾತ್ರ ಅವಕಾಶ. ವಸತಿ ಪ್ರದೇಶದ ರಾತ್ರಿ ಮಿತಿ 45 ಡೆಸಿಬೆಲ್. ಖಾಸಗಿ ಜಾಗದ ಗಡಿಯಲ್ಲಿ ಅದಕ್ಕಿಂತ 5 ಮಾತ್ರ ಹೆಚ್ಚಿರಬಹುದು. ಕಿಟಕಿ ಮುಚ್ಚದೆ ಇದು ಸಾಧ್ಯವಿಲ್ಲ, ಮೇ ತಿಂಗಳಲ್ಲಿ ಕಿಟಕಿ ಮುಚ್ಚಿ ಕುಣಿಯಲೂ ಆಗದು. ಸಂಜೆ 5ಕ್ಕೆ ಶುರು ಮಾಡಿ 10ರೊಳಗೆ ಮುಗಿಸಿ. ಮಜ್ಜಿಗೆ, ಲಿಂಬು ಶರಬತ್ತು ದೇಣಿಗೆಯಲ್ಲೇ ಬರಲಿ.

ಜೇವರ್ಗಿ ರೋಡ್:
ಭಾಳ ಉಪಕಾರ ಆತ್ರಿ. ಇನ್ನೊಂದು ಕೇಳ್ತೀನಿ: ಸದ್ದು ಏರಿಸಿದ ಕೂಡಲೇ ರೆಕಾರ್ಡಿನಿಂದ ಹೂಂ ಅಂತ ಬರ್ತದ. ವೈರಿನ ತೊಂದರೆಯೇನು?

ಬೇಸ್ ಬಾಕ್ಸ್:
ಮೊದಲು ಪರೀಕ್ಷೆ ಮಾಡ್ರಿ. ತಟ್ಟೆ ತಿರುಗಿಸದೆ ಸೂಜಿ ರೆಕಾರ್ಡಿನ ಮ್ಯಾಲಿಟ್ಟು ವಾಲ್ಯೂಮ್ ನಿಧಾನ ಏರಿಸ್ರಿ. ಸೂಜಿ ಎತ್ತಿದ ಕೂಡಲೇ ಹೂಂ ನಿಂತರ, ಬೇಸ್ ನೆಲದಿಂದ ಸೂಜಿಗೆ ಏರಿ ಸುತ್ತಿ ಬರ್ತದ ಅಂತ ಅರ್ಥ. ಎತ್ತಿದರೂ ಇದ್ದರ ಅರ್ಥಿಂಗ್ ತೊಂದರೆ: ಟರ್ನ್‌ಟೇಬಲಿನ ಸಣ್ಣ ಅರ್ಥ್ ವೈರ್ ಮಿಕ್ಸರಿನ ತಿರುಪಿಗೆ ಬಿಗಿರಿ, ಮಿಕ್ಸರ್, ಆಂಪ್ಲಿಫೈಯರ್ ಒಂದೇ ಬೋರ್ಡಿನಿಂದ ಕೊಡ್ರಿ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಎಂದೂ ತೆಗೀಬ್ಯಾಡ್ರಿ, ಶಾಕ್ ಹೊಡೀತದ.

ಸೂಜಿಯದೇ ಆದರ ಕೆಳಗಿರೋ ಶಹಾಬಾದ್ ಕಲ್ಲೇ ಔಷಧ. 2 ಅಡಿ ಚೌಕ, ಒಂದೂವರೆ ಇಂಚು ದಪ್ಪದ ಚಪ್ಪಡಿ ಹತ್ತಿರ ಹತ್ತಿರ 37 ಕಿಲೋ ತೂಗ್ತದ. ಅದನ್ನ ಅರ್ಧ ಗಾಳಿಯ ಸ್ಕೂಟರ್ ಟ್ಯೂಬಿನ ಮ್ಯಾಲಿಟ್ಟು, ರಸಮಟ್ಟ ನೋಡಿ, ಮ್ಯಾಲ ಟರ್ನ್‌ಟೇಬಲ್ ಇಡ್ರಿ. ಗಾಳಿ ಪೂರಾ ತುಂಬಿದರ ಟ್ಯೂಬ್ ಗಟ್ಟಿಯಾಗಿ ಉಪಯೋಗಿಲ್ಲ. ಬರೀ ಕಲ್ಲನ್ನ ಮೇಜಿನ ಮ್ಯಾಲಿಟ್ಟರೂ ಅರ್ಧ ಕೆಲಸ ಅಷ್ಟೇ. ಮೇಜು ಗಟ್ಟಿ ಇರಲಿ, ಬೇಸ್ ಬಾಕ್ಸಿನ ಪಕ್ಕದಾಗ ಬ್ಯಾಡ.