ದೂರ 300 ಕಿ.ಮೀ., ಆದರೂ ವಿಮಾನಕ್ಕೆ ಒಂದು ಗಂಟೆಗೂ ಹೆಚ್ಚು ಸಮಯ ಏಕೆ?

ಪ್ರಶ್ನೆ:
ಎರಡು ಪ್ರಾದೇಶಿಕ ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಅಂತರಜಾಲದಲ್ಲಿ ಹುಡುಕಿದಾಗ 300 ಕಿಲೋಮೀಟರ್ ಎಂದೂ, ಗಂಟೆಗೆ 500 ಕಿ.ಮೀ. ವೇಗದ ಲೆಕ್ಕದಲ್ಲಿ ಹಾರಾಟಕ್ಕೆ 36 ನಿಮಿಷ ಎಂದೂ ಉತ್ತರ ಬರುತ್ತದೆ. ಟಿಕೆಟ್‌ನಲ್ಲಿ ಮಾತ್ರ 1 ಗಂಟೆ 10 ನಿಮಿಷ ಎಂದಿದ್ದು, ಹಿಂದಿರುಗುವ ವಿಮಾನಕ್ಕೆ ಅದಕ್ಕಿಂತ 10 ನಿಮಿಷ ಕಡಿಮೆ ತೋರಿಸಲಾಗಿದೆ. ತಲುಪಿದ ಮೇಲೆ ಇನ್ನೊಂದು ವಿಮಾನ ಹಿಡಿಯಬೇಕಾಗಿರುವುದರಿಂದ, ಯಾವ ಲೆಕ್ಕವನ್ನು ನಂಬಬೇಕೆಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಟಿಕೆಟ್‌ನಲ್ಲಿರುವುದನ್ನೇ ನಂಬಿ. ಅಂತರಜಾಲದ ಲೆಕ್ಕವು ಎರಡೂ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ತೆಗೆದುಕೊಂಡು, ಭೂಮಿಯ ದುಂಡನೆಯ ಮೈಮೇಲೆ ಅವುಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಅಳೆಯುತ್ತದೆ. ಆ ದೂರವನ್ನು ವೇಗದಿಂದ ಭಾಗಿಸಿದರೆ 36 ನಿಮಿಷ ಬರುತ್ತದೆ. ವಿಮಾನಯಾನ ಸಂಸ್ಥೆಯ ವೇಳಾಪಟ್ಟಿ ತೋರಿಸುವುದು ‘ಬ್ಲಾಕ್ ಟೈಮ್’ ಅನ್ನು, ಅಂದರೆ ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗಿನ ಅವಧಿಯನ್ನು.

ಸಣ್ಣ ನಿಲ್ದಾಣಗಳಲ್ಲಿ ನೆಲದ ಮೇಲಿನ ಸಮಯವನ್ನು ಹಗುರವಾಗಿ ಕಾಣಬಾರದು. ರನ್‌ವೇಗೆ ಸಮಾನಾಂತರವಾದ ಟ್ಯಾಕ್ಸಿವೇ (ರನ್‌ವೇಗೂ ವಿಮಾನ ನಿಲ್ಲುವ ಜಾಗಕ್ಕೂ ನಡುವೆ ವಿಮಾನ ಸಾಗುವ ದಾರಿ) ಇಲ್ಲದ ಕಡೆ, ಇಳಿದ ವಿಮಾನವು ರನ್‌ವೇಯ ತುದಿಯಲ್ಲಿ ಪೂರ್ತಿ ತಿರುಗಿ, ಅದೇ ರನ್‌ವೇಯಲ್ಲಿ ನಿಧಾನವಾಗಿ ವಾಪಸ್ ಬರಬೇಕಾಗುತ್ತದೆ. ಅದು ಹೊರಬರುವ ತನಕ ಮತ್ತೊಂದು ವಿಮಾನ ಇಳಿಯುವಂತಿಲ್ಲ, ಏರುವಂತೆಯೂ ಇಲ್ಲ. ಕಿಟಕಿಯ ಪಕ್ಕ ಕುಳಿತವರಿಗೆ, ಈಗಷ್ಟೇ ರಭಸದಿಂದ ಹಿಂದೆ ಸರಿದ ಅದೇ ದೀಪಗಳು ಒಂದೊಂದಾಗಿ ಮತ್ತೆ ಕಾಣಿಸುತ್ತವೆ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ. ಆಕಾಶದ ಲೆಕ್ಕವನ್ನೂ ಸೇರಿಸುತ್ತೇನೆ. ಗಂಟೆಗೆ 500 ಕಿ.ಮೀ. ಎನ್ನುವುದು ಎಟಿಆರ್ 72ರಂಥ ಟರ್ಬೊಪ್ರಾಪ್ (ಪ್ರೊಪೆಲ್ಲರ್ ಇರುವ) ವಿಮಾನವು ಎತ್ತರಕ್ಕೇರಿ ಸಮನಾಗಿ ಹಾರುವಾಗಿನ ವೇಗ. ಏರುವಾಗಲೂ ಇಳಿಯುವಾಗಲೂ ಅಷ್ಟು ವೇಗ ಸಿಗುವುದಿಲ್ಲ. ಸಾವಿರ ಅಡಿ ಇಳಿಯಲು ಸುಮಾರು 3 ನಾಟಿಕಲ್ ಮೈಲು (ಸುಮಾರು 5.6 ಕಿ.ಮೀ.) ಬೇಕೆಂಬುದು ಪೈಲಟ್‌ಗಳ ರೂಢಿಯ ಲೆಕ್ಕ. ಅದರಂತೆ 17,000 ಅಡಿಯಿಂದ ಇಳಿಯಲು ಸುಮಾರು 95 ಕಿ.ಮೀ. ಬೇಕು. ನಿಮ್ಮ ದಾರಿಯ ಮೂರನೇ ಒಂದು ಭಾಗ ಇಳಿಯುವುದಕ್ಕೇ ಹೋಯಿತು! ಜೊತೆಗೆ ವಿಮಾನ ನೇರ ಗೆರೆಯಲ್ಲಿ ಹೋಗದೆ, ನಿಗದಿಯಾದ ವಾಯುಮಾರ್ಗವನ್ನು ಅನುಸರಿಸುತ್ತದೆ.

ಹೋಗಿಬರುವ ಸಮಯದ ವ್ಯತ್ಯಾಸಕ್ಕೆ ಬಹುಪಾಲು ಗಾಳಿಯೇ ಕಾರಣ. ಗಂಟೆಗೆ 80 ಕಿ.ಮೀ. ಎದುರುಗಾಳಿಯಿದ್ದರೆ 300 ಕಿ.ಮೀ.ಗೆ ಸುಮಾರು 43 ನಿಮಿಷ ಹಿಡಿಯುತ್ತದೆ. ಅದೇ ಗಾಳಿ ಹಿಂದಿನಿಂದ ಬೀಸಿದರೆ 31 ನಿಮಿಷ ಸಾಕು. ವಿಮಾನವು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಇಳಿಯುವುದರಿಂದ, ಬಂದ ದಿಕ್ಕಿಗೆ ಹತ್ತಿರದ ರನ್‌ವೇ ತುದಿಯನ್ನು ಬಿಟ್ಟು ಸುತ್ತಿಕೊಂಡು ಇನ್ನೊಂದು ತುದಿಗೆ ಹೋಗಬೇಕಾದ ದಿನಗಳೂ ಇರುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಮುಂದಿನ ವಿಮಾನಕ್ಕೆ 1 ಗಂಟೆ 10 ನಿಮಿಷವನ್ನೇ ಆಧಾರವಾಗಿಟ್ಟುಕೊಳ್ಳಬಹುದೇ?

ಉತ್ತರ 1:
ಎರಡೂ ಹಾರಾಟಗಳು ಒಂದೇ ಟಿಕೆಟ್‌ನಲ್ಲಿದ್ದರೆ ಇಟ್ಟುಕೊಳ್ಳಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಸಾಮಾನ್ಯವಾಗಿ ಸಂಸ್ಥೆಯೇ ಬೇರೆ ವಿಮಾನದಲ್ಲಿ ಜಾಗ ಕೊಡುತ್ತದೆ. ಬೇರೆ ಬೇರೆ ಟಿಕೆಟ್‌ಗಳಾದರೆ ಆ ಹೊಣೆ ನಿಮ್ಮದೇ ಆಗುತ್ತದೆ. ಸಾಮಾನು ಪಡೆದುಕೊಂಡು, ಮತ್ತೆ ಚೆಕ್-ಇನ್ ಮಾಡಿ, ಭದ್ರತಾ ತಪಾಸಣೆ ಮುಗಿಸಬೇಕಾಗುವುದರಿಂದ, ತಲುಪುವ ಹೊತ್ತಿಗೂ ಮುಂದಿನ ವಿಮಾನಕ್ಕೂ ನಡುವೆ ಕನಿಷ್ಠ ಮೂರು ಗಂಟೆ ಬಿಟ್ಟುಕೊಳ್ಳಿ. ಆ ಮಾರ್ಗದಲ್ಲಿ ದಿನಕ್ಕೆ ಒಂದೇ ವಿಮಾನವಿದ್ದರೆ ಹಿಂದಿನ ದಿನವೇ ತಲುಪುವುದು ಕ್ಷೇಮ.