ಡೆಬಿಯನ್ 12: ಕರೆ ಸೇರುತ್ತೆ, ಆದರೆ ಮೈಕ್ ಪಟ್ಟಿಯೇ ಖಾಲಿ

ತೋಟದಮನೆ (ತೀರ್ಥಹಳ್ಳಿ):
ನಮಸ್ಕಾರ. ಹಳೇ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಹಗುರ ಇರಲಿ ಅಂತ ಡೆಬಿಯನ್ 12 ಲಿನಕ್ಸ್ ಹಾಕಿ, ಮೇಲೆ ಪೂರ್ತಿ ಡೆಸ್ಕ್‌ಟಾಪ್ ಬದಲು ಬರೀ ಓಪನ್‌ಬಾಕ್ಸ್ (ಕಿಟಕಿಗಳನ್ನಷ್ಟೇ ನೋಡಿಕೊಳ್ಳೋ ಪುಟ್ಟ ಪ್ರೋಗ್ರಾಂ) ಇಟ್ಟುಕೊಂಡಿದ್ದೇನೆ. ಆಫೀಸಿನವರು ಕೊಟ್ಟ ವಿಡಿಯೋ ಕರೆ ಸಾಫ್ಟ್‌ವೇರಿನ ಡೆಬ್ ಫೈಲ್ (ಡೆಬಿಯನ್‌ನ ಪ್ಯಾಕೇಜ್) ತಕರಾರಿಲ್ಲದೆ ಇನ್‌ಸ್ಟಾಲ್ ಆಯ್ತು. ಎದುರಿನವರ ಮುಖ ಕಾಣುತ್ತೆ, ದನಿ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದು ಮೈಕೂ ತೋರಿಸುವುದಿಲ್ಲ. ಆದರೆ ಟರ್ಮಿನಲ್‌ನಲ್ಲಿ ಎ-ರೆಕಾರ್ಡ್ (arecord, ದನಿ ರೆಕಾರ್ಡ್ ಮಾಡೋ ಕಮಾಂಡ್) ಕೊಟ್ಟರೆ ಹಂಚಿನ ಮೇಲೆ ಬೀಳೋ ಮಳೆ ಸದ್ದೂ ಸ್ಪಷ್ಟವಾಗಿ ರೆಕಾರ್ಡ್ ಆಗುತ್ತೆ!

ಸಾಗರದವ:
'ಪ್ಯಾಕ್ಟ್‌ಎಲ್ ಇನ್ಫೋ' (pactl info) ಕೊಟ್ಟು ಏನು ಬರುತ್ತೆ ಹೇಳಿ, ಸೌಂಡ್ ಸರ್ವರ್ (ಆ್ಯಪ್‌ಗಳಿಗೆ ಮೈಕ್, ಸ್ಪೀಕರ್ ಹಂಚೋ ಪ್ರೋಗ್ರಾಂ) ಇದೆಯಾ ಅಂತ ಗೊತ್ತಾಗುತ್ತೆ. ಆ ಕಮಾಂಡ್ ಇಲ್ಲದಿದ್ದರೆ ಪಲ್ಸ್‌ಆಡಿಯೋ-ಯುಟಿಲ್ಸ್ ಹಾಕಿಕೊಳ್ಳಿ. ಕಮಾಂಡ್ ಓಡಿಸುವಾಗ ಸುಡೋ (ರೂಟ್, ಅಂದ್ರೆ ಅಡ್ಮಿನ್ ಆಗಿ ಓಡಿಸೋದು) ಬೇಡ.

ತೋಟದಮನೆ:
'ಕನೆಕ್ಷನ್ ರೆಫ್ಯೂಸ್ಡ್' ಅನ್ನುತ್ತೆ. ಲಿಬ್‌ಪಲ್ಸ್0 ಇದೆಯಲ್ಲ? ಕರೆ ಸಾಫ್ಟ್‌ವೇರ್ ತನ್ನ ಡಿಪೆಂಡೆನ್ಸಿ (ಜೊತೆಗೆ ಬೇಕಾದ ಪ್ಯಾಕೇಜ್‌ಗಳ) ಪಟ್ಟಿಯಲ್ಲಿ ಕೇಳಿದ್ದೂ ಅದನ್ನೇ.

ಸಾಗರದವ:
ಗಂಟು ಇರೋದೇ ಅಲ್ಲಿ ಮಾರಾಯ್ರೆ. ಲಿಬ್‌ಪಲ್ಸ್0 ಬರೀ ಲೈಬ್ರರಿ. ಸೌಂಡ್ ಸರ್ವರ್ ಜೊತೆ ಮಾತಾಡೋದಷ್ಟೇ ಅದರ ಕೆಲಸ. ಸರ್ವರ್ ಬೇರೆ ಪ್ಯಾಕೇಜ್. ಮನೆಗೆಲ್ಲ ವೈರಿಂಗ್ ಆಗಿದೆ, ಕಂಬದಿಂದ ಲೈನ್ ಎಳೆದಿಲ್ಲ ಅನ್ನೋ ಹಾಗೆ. ಲೈಬ್ರರಿ ಇದ್ದರೆ ಆಪ್ಟ್‌ಗೆ (ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಕಮಾಂಡ್) ಸಮಾಧಾನ, ಸರ್ವರ್ ಓಡುತ್ತಿದೆಯಾ ಅಂತ ಅದು ನೋಡುವುದಿಲ್ಲ. ಪೂರ್ತಿ ಡೆಸ್ಕ್‌ಟಾಪ್ ಹಾಕಿದವರಿಗೆ ಸರ್ವರ್ ಜೊತೆಗೇ ಬಂದುಬಿಡುತ್ತೆ. ನಿಮ್ಮ ಹಾಗೆ ಹಗುರ ಮಾಡಿಕೊಂಡವರಿಗೆ ಮಾತ್ರ ಈ ಪಜೀತಿ.

ಎ-ರೆಕಾರ್ಡ್ ನೇರ ಆಲ್ಸಾಗೆ (ಲಿನಕ್ಸ್‌ನೊಳಗಿನ ಸೌಂಡ್ ವ್ಯವಸ್ಥೆ) ಹೋಗುತ್ತೆ, ಅದಕ್ಕೇ ಸರ್ವರ್ ಇಲ್ಲದೆಯೂ ನಡೆಯಿತು. ಕರೆ ಸಾಫ್ಟ್‌ವೇರ್‌ಗಳು ಈ ನೇರ ದಾರಿ ಬಿಟ್ಟು ಕಾಲವಾಯ್ತು. ಲಿನಕ್ಸ್‌ನ ಸ್ಕೈಪ್ 2014ರಲ್ಲಿ, 4.3ನೇ ಆವೃತ್ತಿಯಲ್ಲೇ ಪಲ್ಸ್‌ಆಡಿಯೋ (ಆಗಿನ ಸೌಂಡ್ ಸರ್ವರ್) ಬೇಕೇ ಬೇಕು ಅಂದಿತ್ತು. ಆಗಲೂ ಹೀಗೇ ಗಲಾಟೆ.

ಈಗ ಪೈಪ್‌ವೈರ್-ಪಲ್ಸ್ (ಪಲ್ಸ್‌ಆಡಿಯೋ ಜಾಗದಲ್ಲಿ ಕೆಲಸ ಮಾಡೋ ಹೊಸ ಸರ್ವರ್) ಮತ್ತು ವೈರ್‌ಪ್ಲಂಬರ್ (ಮೈಕ್, ಸ್ಪೀಕರ್‌ಗಳನ್ನು ಅದಕ್ಕೆ ಜೋಡಿಸೋದು), ಎರಡನ್ನೂ ಹಾಕಿ. ಒಮ್ಮೆ ಲಾಗೌಟ್ ಆಗಿ ಬನ್ನಿ. ಹಳೇ ಪಲ್ಸ್‌ಆಡಿಯೋ ಸರ್ವರನ್ನೂ ಸುಮ್ನೆ ಜೊತೆಗೆ ಹಾಕಬೇಡಿ, ಎರಡೂ ಒಂದೇ ಸಾಕೆಟ್‌ಗೆ (ಆ್ಯಪ್‌ಗಳು ಸರ್ವರ್ ಸೇರೋ ಬಾಗಿಲು) ಕಿತ್ತಾಡುತ್ತವೆ. ಸುಡೋ ಬೇಡ ಅಂದಿದ್ದು ಯಾಕೆ ಅಂದ್ರೆ, ಸರ್ವರ್ ಓಡೋದು ನಿಮ್ಮ ಲಾಗಿನ್‌ನಲ್ಲಿ. ರೂಟ್ ಆಗಿ ಕೇಳಿದರೆ ಇದ್ದರೂ ಇಲ್ಲ ಅನ್ನಬಹುದು.

ತೋಟದಮನೆ:
ಬಂತು! ಪ್ಯಾಕ್ಟ್‌ಎಲ್ ಇನ್ಫೋದಲ್ಲಿ ಸರ್ವರ್ ಹೆಸರಿನ ಮುಂದೆ 'ಪಲ್ಸ್‌ಆಡಿಯೋ (ಆನ್ ಪೈಪ್‌ವೈರ್ 0.3.65)' ಅಂತಿದೆ. ಮೈಕೂ ಪಟ್ಟಿಯಲ್ಲಿದೆ. ಬ್ಲೂಟೂತ್ ಹೆಡ್‌ಸೆಟ್ ಮಾತ್ರ ಕನೆಕ್ಟೇ ಆಗ್ತಿಲ್ಲ.

ಹೊಸನಗರ_ಪೆಂಗ್ವಿನ್:
ಅದಕ್ಕೆ ಇನ್ನೊಂದು ಪ್ಯಾಕೇಜ್: ಲಿಬ್‌ಸ್ಪಾ-0.2-ಬ್ಲೂಟೂತ್. ಹಾಕಿ ಮತ್ತೆ ಲಾಗಿನ್ ಆಗಿ. ಕನೆಕ್ಟ್ ಆದ ಮೇಲೂ ಮೈಕ್ ಕಾಣದಿದ್ದರೆ ಪಾವುಕಂಟ್ರೋಲ್ (pavucontrol, ಸೌಂಡ್ ಸೆಟ್ಟಿಂಗ್ಸ್ ಪ್ರೋಗ್ರಾಂ; ಇಲ್ಲದಿದ್ದರೆ ಹಾಕಿಕೊಳ್ಳಿ) ತೆರೆದು, ಕಾನ್ಫಿಗರೇಶನ್ ಟ್ಯಾಬ್‌ನಲ್ಲಿ ಎ2ಡಿಪಿ ಬದಲು ಹೆಡ್‌ಸೆಟ್ ಪ್ರೊಫೈಲ್ ಆರಿಸಿ. ಎ2ಡಿಪಿಯಲ್ಲಿ ಹಾಡು ಕೇಳಬಹುದು, ಮೈಕ್ ಇರುವುದಿಲ್ಲ. ಹೆಡ್‌ಸೆಟ್ ಪ್ರೊಫೈಲ್‌ನಲ್ಲಿ ದನಿ ಫೋನಿನ ಹಾಗೆ ಸಪ್ಪೆ ಆಗುತ್ತೆ, ಅದು ಕೆಟ್ಟಿದ್ದಲ್ಲ. ನನ್ನ ಕೇಳಿದರೆ ಕರೆಗೆ ವೈರ್ ಇರೋದೇ ವಾಸಿ.

ತೋಟದಮನೆ:
ಕನೆಕ್ಟ್ ಆಯ್ತು, ಪ್ರೊಫೈಲ್ ಬದಲಾಯಿಸಿದ ಮೇಲೆ ಮೈಕೂ ಬಂತು. ಇಬ್ಬರಿಗೂ ಥ್ಯಾಂಕ್ಸ್.