ಸಹಾಯ ಬೇಕು: ಮಕ್ಕಳಿಗೆ ಒಟ್ಟಾಗಿ ಪ್ರೆಸ್ ಮಾಡೋದು (ಎದುರಾಳಿ ಮೇಲೆ ನುಗ್ಗಿ ಚೆಂಡು ಕಸಿಯೋದು) ಹೇಗೆ ಕಲಿಸಲಿ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಆಸ್ಟಿನ್ ಟೌನ್ ಕಡೆ 12 ವರ್ಷದೊಳಗಿನ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ.

ಎದುರಿನವರಿಗೆ ಚೆಂಡು ಸಿಕ್ಕ ತಕ್ಷಣ ನಮ್ಮ ಸ್ಟ್ರೈಕರ್ ಒಬ್ಬನೇ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಾನೆ. ಮಿಡ್‌ಫೀಲ್ಡಿನವರು ಸೊಂಟಕ್ಕೆ ಕೈ ಕೊಟ್ಟು ನೋಡುತ್ತಾರೆ. ಡಿಫೆಂಡರ್‌ಗಳು ಗೋಲ್ ಬಿಟ್ಟು ಕದಲುವುದೇ ಇಲ್ಲ. ನಡುವೆ ಲಾರಿ ಹೋಗುವಷ್ಟು ಜಾಗ! ಒಂದೇ ಪಾಸಿಗೆ ಎಲ್ಲ ಮುಗಿಯುತ್ತದೆ.

ಕೋಚ್ ಗ್ವಾರ್ಡಿಯೊಲಾ ಕಾಲದ ಬಾರ್ಸಿಲೋನಾ ತಂಡದ 5 ಸೆಕೆಂಡ್ ನಿಯಮ (ಚೆಂಡು ಕಳೆದುಕೊಂಡರೆ 5 ಸೆಕೆಂಡಿನೊಳಗೆ ವಾಪಸ್ ಕಸಿಯಲು ನುಗ್ಗೋದು) ಹೇಳಿ ನೋಡಿದೆ. ತಪ್ಪು ನನ್ನದೇ, ಈಗ ಎಲ್ಲರೂ ಜೇನುನೊಣದ ಹಾಗೆ ಚೆಂಡಿಗೇ ಮುತ್ತುತ್ತಾರೆ. ರೋಂಡೊದಲ್ಲಿ (ಸುತ್ತ ನಿಂತವರು ಪಾಸ್ ಮಾಡುವಾಗ ನಡುವಿನವರು ಚೆಂಡು ಕಸಿಯುವ ಅಭ್ಯಾಸ) ಚೆನ್ನಾಗಿ ಮಾಡುತ್ತಾರೆ, ಮ್ಯಾಚಲ್ಲಿ ಮರೆತೇ ಬಿಡುತ್ತಾರೆ.

ಎದುರಾಳಿ ನಮಗೆ ಬೆನ್ನು ಹಾಕಿದಾಗ, ಇಲ್ಲಾ ಚೆಂಡು ಸೈಡ್‌ಲೈನ್ ಹತ್ತಿರ ಹೋದಾಗ ಒಟ್ಟಿಗೆ ನುಗ್ಗಬೇಕು ಅನ್ನೋದನ್ನು ಆಟದಲ್ಲೇ ಕಲಿಸುವ ಡ್ರಿಲ್ ಇದ್ದರೆ ಹೇಳಿ. ಸಿಗೋದು ಅರ್ಧ ಮೈದಾನ ಮಾತ್ರ. ಶನಿವಾರ ಮ್ಯಾಚ್ ಬೇರೆ ಇದೆ.